ಗಾಳಿಗೋರಿಯ ಓತಿಗಳು

ನನ್ನ ಅತ್ತಿಗೆ ಥಾಮ್ ಮದುವೆಯಾಗಿ ನಮ್ಮ ಮನೆಗೆ ಬಂದ ದಿನ ಅವಳ ಬಟ್ಟೆಯ ಗಂಟಿಗಿಂತ ಬಿದಿರಿನ ಉರುಳುಗಳ ಹೊರೆಯೇ ದೊಡ್ಡದಾಗಿತ್ತು. ಮರಳು ಓತಿ ಹಿಡಿಯುವುದು ಅವಳ ತವರಿನವರ ಕಸುಬು. ನಮ್ಮ ಕರಾವಳಿಯ ಊರು ಬಾವ್ ಕಾಟ್‌ನ ಮರಳುದಿಬ್ಬಗಳಲ್ಲಿ ಬೆಳಗಿನ ಬಿಸಿಲು ಚುರುಗುಟ್ಟುವ ಹೊತ್ತಿಗೆ ಓತಿಗಳು ಬಿಲದ ಬಾಯಿಗೆ ಮುಚ್ಚಿಕೊಂಡ ಮರಳನ್ನು ತಲೆಯಿಂದ ನೂಕಿ ಹೊರಗೆ ಬರುತ್ತವೆ. ಅವಳು ಅದಕ್ಕೂ ಮೊದಲೇ ಹೋಗಿ ಬಿಲದ ಬಾಯಿಗೆ ಉರುಳು ಒಡ್ಡಿ, ಮನೆಗೆ ಬಂದು ಅಕ್ಕಿ ತೊಳೆದು ಒಲೆ ಹಚ್ಚಿ, ಮತ್ತೆ ಹೋಗಿ ಬುಟ್ಟಿ ತುಂಬಿಕೊಂಡು ಬರುತ್ತಿದ್ದಳು. ನಮ್ಮದು ಮೀನುಗಾರರ ಮನೆ. ಮರಳಿನಿಂದ ಊಟ ತೆಗೆಯುವ ಸೊಸೆಯನ್ನು ಅವ್ವ ಮೊದಮೊದಲು ಅಸಡ್ಡೆಯಿಂದ ನೋಡುತ್ತಿದ್ದಳು. ಥಾಮ್ ಓತಿಯ ಮಾಂಸವನ್ನು ಸಣ್ಣಗೆ ಕೊಚ್ಚಿ, ನಿಂಬೆಹುಲ್ಲು ಮೆಣಸಿನಕಾಯಿ ಹಾಕಿ ಹುರಿದು, ಅಕ್ಕಿಹಿಟ್ಟಿನ ತೆಳು ಹಾಳೆಯಲ್ಲಿ ಸುತ್ತಿ ಕೊಟ್ಟ ಮೇಲೆ ಆ ಅಸಡ್ಡೆ ಉಳಿಯಲಿಲ್ಲ.

ಕುಳ್ಳಗಿನ ಗಟ್ಟಿ ಹೆಂಗಸು ಅವಳು. ಮಾತು ಖಾರ. ನನ್ನ ಅಣ್ಣ ಕಿಯೆನ್ ಸ್ವಲ್ಪ ಮುಂಗೋಪಿ. ಮುನಿಸಿಕೊಂಡರೆ ಮುಖ ಕಪ್ಪಗೆ ಮಾಡಿಕೊಂಡು ಕೂತುಬಿಡುತ್ತಿದ್ದ. ಅದಕ್ಕೇ ಥಾಮ್ ಅವನನ್ನು ಗುಟ್ಟಾಗಿ ಮುಕ್ ಎಂದು ಕರೆಯುತ್ತಿದ್ದಳು. ಮುಟ್ಟಿದರೆ ಮಸಿ ಕಾರುವ ಬೊಂಡಾಸ್ ಮೀನಿಗೆ ನಾವು ಹೇಳುವ ಹೆಸರದು. ತೆಂಗಿನಗರಿಯ ತಡಿಕೆಯ ಈಚೆ ಮಲಗುತ್ತಿದ್ದ ನನ್ನನ್ನು ಬಿಟ್ಟರೆ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅವ್ವನಿಗೆ ಅವನು ಯಾವತ್ತೂ ಡೆನ್, ಎಂದರೆ ಕರಿಯ. ಚೆಲುವಾದ ಹೆಸರಿಟ್ಟರೆ ಮಗುವನ್ನು ದೆವ್ವ ಕದಿಯುತ್ತದೆಂದು ಹುಟ್ಟಿದಾಗ ಇಟ್ಟ ಹೆಸರು.

ಮದುವೆಯಾದ ನಾಲ್ಕನೆಯ ವರ್ಷ ಚಂಡಮಾರುತಕ್ಕೆ ಸಿಕ್ಕಿ ಅಣ್ಣನ ದೋಣಿ ಮುಳುಗಿತು. ಅದರ ಹಲಗೆಯೊಂದು ದಡಕ್ಕೆ ಬಂತು, ಅವನು ಬರಲಿಲ್ಲ. ಮಕ್ಕಳಾಗಿರಲಿಲ್ಲ.

ಹೆಣ ಸಿಗದವರಿಗೆ ನಮ್ಮಲ್ಲಿ ಗಾಳಿಗೋರಿ ಮಾಡುತ್ತಾರೆ. ಜೇಡಿಮಣ್ಣು ಕಲಸಿ ಆಳೆತ್ತರದ ಗೊಂಬೆ ಮಾಡಿ, ಒಳಗೆ ಎಲುಬಿನ ಬದಲು ಹಿಪ್ಪುನೇರಳೆಯ ಕಡ್ಡಿ ಇಟ್ಟು, ಪೂಜಾರಿ ಸತ್ತವನ ಹೆಸರು ಕರೆದು ಅದರೊಳಗೆ ಬಾ ಎಂದು ಬೇಡಿಕೊಂಡು ಹೂಳುತ್ತಾನೆ. ಮಣ್ಣನ್ನು ಅವ್ವ ತಾನೇ ಕಲಸುತ್ತೇನೆಂದು ಹಟ ಹಿಡಿದಳು. ಥಾಮ್ ಬಾಗಿಲಿಗೆ ಒರಗಿ ನಿಂತು ನೋಡಿ, ಮೂಗು ಅವನದಲ್ಲ ಎಂದಳು. ಅವ್ವ ಮೂಗನ್ನು ಚಿವುಟಿ ತಿದ್ದಿದಳು. ನಂತರ ಥಾಮ್ ನನ್ನೊಬ್ಬಳಿಗೆ ಹೇಳಿದ್ದು, ಅವನು ನೀರಲ್ಲಿದ್ದಾನೆ, ಮಣ್ಣಿಗೆ ಯಾಕೆ ಅನ್ನ ಇಡೋದು ಎಂದು. ಆದರೂ ಅವಳು ತವರಿಗೆ ಹೋಗಲಿಲ್ಲ. ದಿಬ್ಬದಲ್ಲಿ ಓತಿ ಕಡಿಮೆಯಾಗುತ್ತ ಬಂದಾಗ ಮನೆಯ ಹಿಂದೆ ತಗಡುಗಳನ್ನು ಆಳಕ್ಕೆ ಹೂತು, ಮರಳಿನ ಕಟ್ಟೆಯಂಥ ಆವರಣ ಮಾಡಿ, ಹಿಡಿದ ಓತಿಗಳನ್ನು ಅಲ್ಲೇ ಸಾಕಿ ಮರಿ ಮಾಡಿಸತೊಡಗಿದಳು. ಪಕ್ಕೆಯಲ್ಲಿ ಕಿತ್ತಳೆ ಮತ್ತು ಕಪ್ಪು ಪಟ್ಟೆಯ ದಪ್ಪ ಗಂಡುಗಳು, ಮಂಕು ಬಣ್ಣದ ಹೆಣ್ಣುಗಳು. ಗಂಡುಗಳು ಸದಾ ಕಚ್ಚಾಡುತ್ತಿದ್ದವು. ದಿಬ್ಬದಿಂದ ಹೊಸ ಗಂಡು ತಂದು ಬಿಟ್ಟಾಗಲೆಲ್ಲ ಎರಡು ದಿನ ಗದ್ದಲ.

ವರ್ಷಗಳು ಕಳೆದವು. ರಸ್ತೆ ಬರುತ್ತದೆ, ಸ್ಮಶಾನದ ದಿಬ್ಬವನ್ನು ಕಡಿಯುತ್ತಾರೆ, ಗೋರಿಗಳನ್ನು ಎತ್ತಿಕೊಳ್ಳಿ ಎಂದು ಕಚೇರಿಯವರು ಬಂದು ಹೇಳಿದರು. ನಮ್ಮವರು ಕೋಳಿ, ಅನ್ನ, ಊದುಬತ್ತಿ ತೆಗೆದುಕೊಂಡು ಹೋಗಿ ಅಣ್ಣನ ಗೋರಿ ಅಗೆಸಿದರು. ಬಿಸಿಲು ನೆತ್ತಿಯ ಮೇಲಿತ್ತು, ಗಾಳಿ ಒಂದಿಷ್ಟೂ ಇರಲಿಲ್ಲ. ಪೆಟ್ಟಿಗೆಯ ಹಲಗೆಯನ್ನು ಗೆದ್ದಲು ಪೂರಾ ತಿಂದಿತ್ತು. ಮಣ್ಣಿನ ಆಳು ಮಾತ್ರ ಹಾಗೇ ಮಲಗಿದ್ದ. ಅವ್ವ ತಿದ್ದಿದ ಮೂಗೂ ಹಾಗೇ ಇತ್ತು. ಎದೆಯ ನಡುವೆ ಒಂದು ತೂತು, ನುಣ್ಣಗೆ, ಕೈಯಾಡಿಸಿ ಮಾಡಿದ ಹಾಗೆ.

ಆ ತೂತಿನಿಂದ ಒಂದು ಓತಿ ತಲೆ ಹಾಕಿತು. ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ಜನ ಕಂಡರೆ ಓತಿ ನಿಲ್ಲುವುದುಂಟೆ? ಇವು ನಿಂತವು. ಮಣ್ಣಿನ ಹೊಟ್ಟೆಯ ಮೇಲೆ ಸಾಲಾಗಿ ನಿಂತು ತಲೆ ಎತ್ತಿ ನಮ್ಮನ್ನು ನೋಡಿದವು. ಎಲ್ಲವುಗಳ ಎಡಗಣ್ಣಿನ ಹಿಂದೆಯೂ ಭತ್ತದ ಕಾಳಿನಷ್ಟು ಒಂದು ಬಿಳಿ ಮಚ್ಚೆ. ಅಗೆಯುತ್ತಿದ್ದವನು ಗುದ್ದಲಿ ಅಲ್ಲೇ ಬಿಟ್ಟು ಹಿಂದೆ ಸರಿದ. ಅವ್ವ ಮೊಣಕಾಲೂರಿ ಕೂತಳು. ಥಾಮ್ ಒಬ್ಬಳೇ ಮುಂದೆ ಹೋಗಿ, ತಲೆಯ ಮೇಲಿನ ತಾಳೆಗರಿಯ ಟೋಪಿ ತೆಗೆದು ಅವುಗಳ ಮೇಲೆ ಕವುಚಿ, ಒಂದೊಂದಾಗಿ ಬುಟ್ಟಿಗೆ ಹಾಕಿಕೊಂಡಳು. ಓತಿ ಹಿಡಿಯುವವಳಿಗೆ ಓತಿ ಓತಿಯೇ.

ಹೊಸ ಜಾಗದ ಓತಿಯಿಂದ ರೋಗ ಬರಬಹುದೆಂದು ಅವುಗಳನ್ನು ಬೇರೆಯಾಗಿ, ಪಕ್ಕದಲ್ಲೇ ಚಿಕ್ಕದೊಂದು ಆವರಣ ಮಾಡಿ ಬಿಟ್ಟಳು. ಎಲ್ಲವೂ ಮಂಕು ಬಣ್ಣದವೇ. ಗಂಡು ಒಂದೂ ಇಲ್ಲ, ಆಮೇಲೆ ಒಂದು ಹಾಕಿದರಾಯಿತು ಅಂದುಕೊಂಡಳು. ಹಾಕುವ ಮೊದಲೇ ಮಳೆಗಾಲದ ಮುನ್ನ ಅವು ಬಿಲದಲ್ಲಿ ಮೊಟ್ಟೆ ಇಟ್ಟವು. ಹಿಡಿಯುವಾಗಲೇ ಬಸುರಾಗಿದ್ದಿರಬೇಕು ಎಂದಳು. ಮರಿಗಳು ಬೆಳೆದವು. ಅವೂ ಎಲ್ಲ ಹೆಣ್ಣು. ಮುಂದಿನ ವರ್ಷ ಆ ಮರಿಗಳೂ ಮೊಟ್ಟೆಯಿಟ್ಟವು. ಗಂಡಿನ ಮುಖವನ್ನೇ ಕಾಣದ, ತಗಡಿನೊಳಗೇ ಹುಟ್ಟಿ ತಗಡಿನೊಳಗೇ ಬೆಳೆದ ಮರಿಗಳು. ಪ್ರತಿಯೊಂದರ ಎಡಗಣ್ಣಿನ ಹಿಂದೆ ಅದೇ ಮಚ್ಚೆ.

ನಾನು ದಿನವೂ ಕುಂಬಳದ ಹೂವು ಹಾಕಲು ಹೋಗುತ್ತಿದ್ದೆ. ದೊಡ್ಡ ಆವರಣದಲ್ಲಿ ಒಂದು ಹೂವಿಗೆ ನಾಲ್ಕು ಓತಿ ಕಿತ್ತಾಡುತ್ತಿದ್ದವು. ಯಾವುದು ಪುಕ್ಕಲು, ಯಾವುದು ಪುಂಡ ಎಂದು ನನಗೆ ಗುರುತಾಗುತ್ತಿತ್ತು. ಚಿಕ್ಕ ಆವರಣದಲ್ಲಿ ಜಗಳವೇ ಇರಲಿಲ್ಲ. ಒಂದು ತಲೆ ಎತ್ತಿದರೆ ಎಲ್ಲವೂ ಎತ್ತುತ್ತಿದ್ದವು. ಒಂದೇ ಕಡೆ ತಿರುಗುತ್ತಿದ್ದವು. ನೋಡುತ್ತ ನಿಂತರೆ ಬೆನ್ನ ಮೇಲೆ ಯಾರೋ ತಣ್ಣನೆಯ ಬೆರಳು ಇಟ್ಟ ಹಾಗೆ ಆಗುತ್ತಿತ್ತು. ನಾನು ಹೂವು ಎಸೆದು ಬೇಗ ಬಂದುಬಿಡುತ್ತಿದ್ದೆ.

ಅವ್ವ ಮಾತ್ರ ಅಲ್ಲೇ ಕೂರತೊಡಗಿದಳು. ಕುಕ್ಕುರುಗಾಲಲ್ಲಿ ಕೂತು, ಎಲೆಯಡಿಕೆ ಜಗಿಯುತ್ತ, ತಗಡಿನ ಮೇಲಿಂದ ಬಗ್ಗಿ ಮೆಲ್ಲಗೆ ಡೆನ್, ಡೆನ್ ಎನ್ನುತ್ತಿದ್ದಳು. ಬಿಲಗಳ ಮರಳು ಕುಸಿಯುತ್ತಿತ್ತು. ಎಲ್ಲ ಬಿಲಗಳಿಂದಲೂ ಒಟ್ಟಿಗೆ ತಲೆಗಳು ಏಳುತ್ತಿದ್ದವು. ನನ್ನ ಮಗನ ಎದೆಯಿಂದ ಹುಟ್ಟಿದವು ಇವು, ಇವನ್ನು ಮಾರಬಾರದು, ಕೊಯ್ಯಬಾರದು ಎಂದು ಅವ್ವ ಅಪ್ಪಣೆ ಮಾಡಿದಳು. ಮಾರುವ ಮಾತೇ ಬರಲಿಲ್ಲ. ಊರಲ್ಲಿ ಸುದ್ದಿ ಹಬ್ಬಿ, ಓತಿ ಕೊಳ್ಳುತ್ತಿದ್ದ ಹೋಟೆಲಿನ ಸಾವ್ ಆ ಆವರಣದ ಹತ್ತಿರಕ್ಕೂ ಬರುತ್ತಿರಲಿಲ್ಲ. ದೂರದಲ್ಲೇ ಬೈಕು ನಿಲ್ಲಿಸಿ ನಗುತ್ತಿದ್ದ.

"ಥಾಮ್ ತಂಗಿ, ಗಂಡಿಲ್ದೆ ಬಸುರಾಗೋ ವಿದ್ಯೆ ನೀನು ಅವಕ್ಕೆ ಕಲಿಸ್ದ್ಯೋ, ಅವು ನಿನಗೆ ಕಲಿಸ್ತಾ ಇದಾವೋ?"

"ಮೊದ್ಲು ನಿನ್ನ ಹೆಂಡ್ತಿಗೆ ಕಲಿಸ್ತೀನಿ ಅಣ್ಣಾ, ಆಮೇಲೆ ನಿನ್ನ ಗತಿ ಏನು ನೋಡ್ಕೋ," ಎಂದು ಥಾಮ್ ತೂಕ ಮಾಡುತ್ತಲೇ ಹೇಳಿದಳು. ಜನ ನಕ್ಕರು. ಸಂಜೆ ಅವಳು ಊಟ ಮಾಡಲಿಲ್ಲ.

ಸುದ್ದಿ ನಗರಕ್ಕೂ ಮುಟ್ಟಿ, ಪ್ರಾಣಿಗಳ ಬಗ್ಗೆ ಓದಿದ ಉಯೆನ್ ಎಂಬ ಹುಡುಗಿ ಬಂದಳು. ತೆಳ್ಳಗಿನ, ಸಂಕೋಚದ ಹುಡುಗಿ. ಅವಳ ಜೊತೆ ಅವಳ ಪ್ರೊಫೆಸರು ತ್ರಿಯೆತ್, ತಲೆ ನರೆತ ಶಾಂತ ಮನುಷ್ಯ. ಎರಡೂ ಆವರಣದ ಓತಿಗಳ ಬಾಲದ ತುದಿ ಕತ್ತರಿಸಿಕೊಂಡು ಹೋದರು. ಮತ್ತೆ ಬಂದಾಗ ಉಯೆನ್ ಒಂದು ಪರೀಕ್ಷೆ ಮಾಡುತ್ತೇನೆ, ನೋವಾಗದಂತೆ ಔಷಧಿ ಕೊಡುತ್ತೇನೆ ಎಂದು ಕೇಳಿಕೊಂಡಳು. ಅವ್ವ ಒಪ್ಪಲಿಲ್ಲ. ಥಾಮ್ ಒಪ್ಪಿಸಿದಳು.

ದೊಡ್ಡ ಆವರಣದ ಒಂದು ಓತಿಯ ಬೆನ್ನಿನಿಂದ ಉಗುರಿನಷ್ಟು ಚರ್ಮ ತೆಗೆದು ಇನ್ನೊಂದರ ಬೆನ್ನಿಗೆ ಹೊಲಿದಳು, ಅದರದನ್ನು ಇದಕ್ಕೆ. ಗೋರಿಯ ಓತಿಗಳಿಗೂ ಅವುಗಳೊಳಗೇ ಹಾಗೆ ಮಾಡಿದಳು. ನಂತರ ಹಲವು ವಾರ ನಮ್ಮ ಮನೆಯಲ್ಲೇ ಉಳಿದು ನೋಡುತ್ತಿದ್ದಳು. ದೊಡ್ಡ ಆವರಣದ ಓತಿಗಳ ಬೆನ್ನ ಮೇಲಿನ ತೇಪೆ ಕಪ್ಪಾಗಿ, ಒಣಗಿ, ಉದುರಿತು. ಪರರ ಚರ್ಮವನ್ನು ಮೈ ಇಟ್ಟುಕೊಳ್ಳಲಿಲ್ಲ. ಗೋರಿಯ ಓತಿಯನ್ನು ಹಿಡಿದು ಅವಳು ಥಾಮ್‌ಳ ಅಂಗೈ ಮೇಲಿಟ್ಟಾಗ ನಾವು ಮೂವರೂ ಬಗ್ಗಿ ಹುಡುಕಿದೆವು. ಹೊಲಿಗೆ ಹಾಕಿದ ಜಾಗವೇ ಸಿಗಲಿಲ್ಲ. ಯಾರ ಚರ್ಮ ಎಲ್ಲಿ ಮುಗಿದು ಯಾರದು ಎಲ್ಲಿ ಶುರುವಾಗಿತ್ತೋ, ಒಂದು ಗೆರೆಯೂ ಇರಲಿಲ್ಲ. ಥಾಮ್ ಓತಿಯನ್ನು ಉಯೆನ್‌ಳ ಕೈಗೆ ಕೊಟ್ಟು ತನ್ನ ಅಂಗೈಯನ್ನು ಹಳೆ ಚಿಂದಿಗೆ ಒರೆಸಿಕೊಂಡಳು. ಒರೆಸುತ್ತಲೇ ಇದ್ದಳು.

ಪ್ರೊಫೆಸರು ಬಂದ ದಿನ ಊಟಕ್ಕೆ ಕೂತಾಗ ಅವ್ವ ನೇರವಾಗಿ ಕೇಳಿದಳು, ಇವು ಯಾರ ಮಕ್ಕಳು ಎಂದು.

"ಅಜ್ಜಿ, ತುಂಬಾ ಹಿಂದೆ ಒಂದು ಜಾತಿ ಓತಿ ಇನ್ನೊಂದು ಜಾತಿ ಓತಿ ಜೊತೆ ಕೂಡಿದೆ," ಎಂದಳು ಉಯೆನ್. "ಸಾದಾ ಬಾತುಕೋಳಿಗೂ ಸಯಾಮಿ ಅನ್ನೋ ಬೇರೆ ಜಾತಿ ಬಾತುಕೋಳಿಗೂ ಹುಟ್ಟೋ ಮರಿ ಬಂಜೆ ಆಗತ್ತಲ್ಲ? ಇವು ಬಂಜೆ ಆಗ್ಲಿಲ್ಲ. ಗಂಡಿನ ಹಂಗನ್ನೇ ಬಿಟ್ಬಿಟ್ವು. ತಾಯಿ ಹೇಗೋ ಮಗಳು ಹಾಗೇ. ಅಚ್ಚೊತ್ತಿದ ಹಾಗೆ."

"ಅಪ್ಪ?"

"ಅಪ್ಪ ಇಲ್ಲ ಅಜ್ಜಿ. ಒಬ್ಬನೂ ಇಲ್ಲ."

ಅವ್ವ ಅನ್ನದ ಬಟ್ಟಲು ಕೆಳಗಿಟ್ಟಳು. ಪ್ರೊಫೆಸರು ಇವಕ್ಕೆ ಹೊಸ ಜಾತಿಯೆಂದು ಹೆಸರು ಕೊಡಬೇಕೋ ಬೇಡವೋ ಎಂದು ತಮಗಿನ್ನೂ ತಿಳಿದಿಲ್ಲ ಎಂದರು. ಯಾವ ಪ್ರಾಣಿಗಳು ತಮ್ಮತಮ್ಮಲ್ಲಿ ಕೂಡಿ, ಮರಿ ಹಾಕಿ, ಆ ಮರಿಗಳೂ ಮರಿ ಹಾಕುತ್ತವೋ ಅವೆಲ್ಲ ಒಂದು ಜಾತಿ ಎಂದು ಅವರು ಜೀವಮಾನವಿಡೀ ಪಾಠ ಹೇಳಿದವರು. ಉಯೆನ್ ತಲೆ ತಗ್ಗಿಸಿಕೊಂಡೇ ವಾದಿಸಿದಳು.

"ಇವು ಯಾವುದರ ಜೊತೆಗೂ ಕೂಡೋದೇ ಇಲ್ವಲ್ಲ ಸರ್. ಆ ಲೆಕ್ಕದಲ್ಲಿ ಒಂದೊಂದು ಓತೀನೂ ಒಂದೊಂದು ಜಾತಿ. ಇಲ್ಲಾಂದ್ರೆ ಅಷ್ಟೂ ಸೇರಿ ಒಂದೇ ಓತಿ."

"ಎರಡೂ ಒಪ್ಪೋಕೆ ಕಷ್ಟ," ಎಂದರು ಪ್ರೊಫೆಸರು. "ಬೇರೆ ಗೆರೆ ಎಲ್ಲಿ ಎಳೀಲಿ ಅಂತ ನನಗೂ ಗೊತ್ತಾಗ್ತಿಲ್ಲಮ್ಮ."

ಥಾಮ್ ಸಾರು ಬಡಿಸುತ್ತಿದ್ದವಳು ನಿಂತು, ಹಾಗಾದರೆ ಗಂಡಿಲ್ಲದೆ ಮಕ್ಕಳಿಲ್ಲದೆ ಇರುವ ನಾನು ಯಾವ ಜಾತಿ ಸ್ವಾಮಿ ಎಂದು ಕೇಳಿದಳು. ಚೇಷ್ಟೆಗೆ ಕೇಳಿದಳೆಂದು ಪ್ರೊಫೆಸರು ನಕ್ಕರು. ಅವಳು ನಗುತ್ತಿರಲಿಲ್ಲ. ಅವ್ವ ಮಾತ್ರ ಉಯೆನ್‌ಳ ಮಾತಿನ ಕೊನೆಯ ತುಂಡನ್ನು ಹಿಡಿದುಕೊಂಡಳು. ಒಂದೇ, ಅಷ್ಟೂ ಒಂದೇ ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಎದ್ದು ಆವರಣದ ಕಡೆ ಹೋದಳು.

ಅವರು ನಗರಕ್ಕೆ ಹೊರಟಾಗ ಗೋರಿಯ ಓತಿಗಳಲ್ಲಿ ಕೆಲವನ್ನು ಜೀವಂತ ಒಯ್ದರು.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ಅವ್ವ ಪಗೋಡಕ್ಕೆ ಹೋಗಿದ್ದಳು. ನಾನು ಮೀನಿನ ಜಾಡಿ ತೊಳೆದು ಬರುವಾಗ ಥಾಮ್ ಚಿಕ್ಕ ಆವರಣದ ಪಕ್ಕದಲ್ಲಿ ಒಬ್ಬಳೇ ನಿಂತಿದ್ದಳು. ಕೈಯಲ್ಲಿ ಹೂವಿರಲಿಲ್ಲ. ಮೈ ಸುಡುವ ಬಿಸಿಲು. ಅಷ್ಟು ಹೊತ್ತಿನಲ್ಲಿ ಓತಿಗಳೂ ಬಿಲ ಸೇರಿಬಿಟ್ಟಿರುತ್ತವೆ. ಮರಳು ಖಾಲಿಯಾಗಿತ್ತು. ಅವಳು ಬಗ್ಗಲಿಲ್ಲ, ಕೈ ಚಾಚಲಿಲ್ಲ, ಕಾಲು ಅಲುಗಿಸಲಿಲ್ಲ. ಮುಕ್ ಎಂದಳು, ತಡಿಕೆಯ ಆಚೆಯಿಂದ ನಾನು ಕೇಳುತ್ತಿದ್ದ ಅದೇ ಸಣ್ಣ ದನಿಯಲ್ಲಿ.

ಎಲ್ಲ ಬಿಲಗಳ ಬಾಯೂ ತೆರೆದುಕೊಂಡವು. ಎಲ್ಲವೂ ಹೊರಗೆ ಬಂದು, ಅವಳು ನಿಂತ ಕಡೆಗೆ ನಡೆದು, ತಗಡಿನ ಬುಡದಲ್ಲಿ ಸಾಲಾಗಿ ನಿಂತು ತಲೆ ಎತ್ತಿದವು. ಅವಳು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಬಂದು ನನಗೆ ಡಿಕ್ಕಿ ಹೊಡೆದಳು. ತುಟಿ ಬೆಳ್ಳಗಾಗಿತ್ತು. ಓತಿಗಳು ನನ್ನ ಹೆಜ್ಜೆಯ ಸದ್ದಿಗೆ ಬಂದಿರಬಹುದು, ಹಸಿವಿಗೆ ಬಂದಿರಬಹುದು ಎಂದು ನಾನು ಇವತ್ತಿಗೂ ಹೇಳಿಕೊಳ್ಳುತ್ತೇನೆ. ಆ ದಿನದಿಂದ ಅವಳಾಗಲಿ ನಾನಾಗಲಿ ಆ ಆವರಣದ ಕಡೆ ಹೋಗಲಿಲ್ಲ. ಹೂವು ಹಾಕುವುದು ಪೂರಾ ಅವ್ವನ ಪಾಲಿಗೆ ಬಿತ್ತು.

ಆ ವರ್ಷ ಮಳೆ ಬಿಡಲೇ ಇಲ್ಲ. ಮರಳು ಒಣಗದೆ ಹುಳಿ ವಾಸನೆ ಹೊಡೆಯಿತು. ದೊಡ್ಡ ಆವರಣದಲ್ಲಿ ಕೆಲವು ಓತಿಗಳ ಮೈಮೇಲೆ ಬೂಷ್ಟು ಕಂಡು, ಒಂದೆರಡು ಸತ್ತವು. ಕೆಲವಕ್ಕೆ ಬೂಷ್ಟು ಬಂದು ತಾನಾಗಿ ಹೋಯಿತು. ಕೆಲವಕ್ಕೆ ಏನೂ ಆಗಲಿಲ್ಲ. ಒಂದು ಬೆಳಗ್ಗೆ ಅವ್ವನ ಕೂಗು ಕೇಳಿ ನಾವು ಹಿತ್ತಲಿಗೆ ಓಡಿದೆವು. ಚಿಕ್ಕ ಆವರಣದ ಅಷ್ಟೂ ಓತಿಗಳು ಸತ್ತಿದ್ದವು. ಹಿಂದಿನ ಸಂಜೆ ಅವ್ವ ಕೊಟ್ಟ ಹೂವನ್ನು ಅಷ್ಟೂ ತಿಂದಿದ್ದವು. ಈಗ ಒಂದೊಂದು ಬಿಲದ ಬಾಯಲ್ಲೂ ಒಂದೊಂದು ತಲೆ, ಮುಂಗಾಲುಗಳು ಹೊರಗೆ, ಕಣ್ಣು ತೆರೆದೇ ಇತ್ತು, ಎಡಗಣ್ಣಿನ ಹಿಂದಿನ ಮಚ್ಚೆಯನ್ನು ಬೂಷ್ಟು ಮುಚ್ಚಿತ್ತು. ಎಲ್ಲ ತಲೆಗಳೂ ಮನೆಯ ಬಾಗಿಲ ಕಡೆಗೆ ತಿರುಗಿದ್ದವು. ಒಂದನ್ನು ಕೊಲ್ಲಲು ಸಾಕಾದದ್ದು ಎಲ್ಲವನ್ನೂ ಕೊಲ್ಲಲು ಸಾಕಾಗಿತ್ತು.

ಅವ್ವ ಅವುಗಳನ್ನು ಎತ್ತಲು ಬಿಡಲಿಲ್ಲ. ಮೂರು ದಿನ ಮಳೆಯಲ್ಲೇ ಕೂತಳು. ಆಮೇಲೆ ಥಾಮ್ ಹೋಗಿ, ಮರಳನ್ನೇ ಎಳೆದು ಎಲ್ಲ ಬಿಲಗಳನ್ನೂ ಮುಚ್ಚಿ, ತಗಡು ಕಿತ್ತಳು.

ತಿಂಗಳು ಕಳೆದು ಉಯೆನ್ ಬಂದಳು. ವಿಷಯ ಕೇಳಿ ಅವಳಿಗೆ ಅಳುವೇ ಬಂತು. ನಗರದಲ್ಲಿ ತಾನು ಒಯ್ದವು ಚೆನ್ನಾಗಿವೆ, ಮೊಟ್ಟೆ ಇಟ್ಟಿವೆ, ಅಜ್ಜಿಗೆ ಬೇಕಾದರೆ ತಂದುಕೊಡುತ್ತೇನೆ, ಅವೂ ಇವೇ ಅಲ್ಲವೆ ಎಂದಳು. ಅವ್ವನ ಮುಖ ಅರಳಿತು. ಥಾಮ್ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಅವ್ವನ ಎದುರು ನೆಲದ ಮೇಲೆ ಕೂತಳು.

"ಅತ್ತೆ, ಅವನು ನೀರಲ್ಲಿ ಹೋದ. ಮಣ್ಣಲ್ಲೂ ಇಲ್ಲ, ಓತಿಯಲ್ಲೂ ಇಲ್ಲ."

ಬೈಗುಳ ಬೀಳುತ್ತದೆಂದು ನಾನು ಕಾದೆ. ಅವ್ವ ಎಲೆಗೆ ಸುಣ್ಣ ಹಚ್ಚಿದಳು.

"ಗೊತ್ತು ಕಣೆ," ಎಂದಳು. "ಮಣ್ಣು ಕಲಸೋವಾಗ್ಲೇ ಗೊತ್ತಿತ್ತು. ಕರೆದ್ರೆ ಏನೋ ಒಂದು ಬರ್ತಿತ್ತಲ್ಲ, ಅಷ್ಟೇ."

"ನಾನೂ ಒಂದಿನ ಕರೆದೆ."

"ಬಂದ್ವಾ?"

"ಬಂದ್ವು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಷ್ಟು ವರ್ಷ ಒಂದೇ ಒಲೆಯ ಅನ್ನ ಉಂಡ ಆ ಇಬ್ಬರು ಹಾಗೆ ನೋಡಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಅವ್ವ, ಬೇಡ ಅನ್ನು ಆ ಹುಡುಗಿಗೆ, ಅಲ್ಲೇ ಇರಲಿ ಅವು ಎಂದು ಎದ್ದು ಒಳಗೆ ಹೋದಳು. ಥಾಮ್ ಅಲ್ಲೇ ಕೂತು ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಅಣ್ಣ ಹೋದಾಗಲೂ ಅಳದವಳು.

ಆ ಓತಿಗಳಿಗೆ ಹೆಸರಿಡುವ ವಿಚಾರ ಇನ್ನೂ ಇತ್ಯರ್ಥವಾಗಿಲ್ಲವೆಂದು ಉಯೆನ್ ಒಮ್ಮೆ ಫೋನಿನಲ್ಲಿ ಹೇಳಿದಳು. ಗಾಜಿನ ಪೆಟ್ಟಿಗೆಯ ಮುಂದೆ ನಿಂತರೆ ತನಗೂ ಬೆನ್ನು ತಣ್ಣಗಾಗುತ್ತದೆಂದೂ, ನಗುತ್ತಲೇ, ಹೇಳಿದಳು.

ಎರಡು ವರ್ಷದ ಮೇಲೆ ಅವ್ವನೇ ಮುಂದೆ ನಿಂತು ಥಾಮ್‌ಗೆ ಮದುವೆ ಮಾಡಿಸಿದಳು. ಗಂಡು ಉಪ್ಪಿನ ಗದ್ದೆಯಲ್ಲಿ ದುಡಿಯುವ ತೋನ್, ಹೆಂಡತಿ ತೀರಿಕೊಂಡವನು, ಮಾತು ಕಡಿಮೆ. ಅತ್ತೆಯನ್ನು ಬಿಟ್ಟು ಬರುವುದಿಲ್ಲ ಎಂದು ಥಾಮ್ ಹೇಳಿದ್ದಕ್ಕೆ ಅವನೇ ನಮ್ಮ ಮನೆಗೆ ಬಂದ. ಸತ್ತ ಮಗನ ಹೆಂಡತಿಗೆ ಗಂಡನನ್ನು ತಂದು ಮನೆ ತುಂಬಿಸಿಕೊಂಡ ಮುದುಕಿ ಎಂದು ಊರು ಆಡಿಕೊಂಡಿತು. ಅವ್ವ ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಟ್ಟು ನಿಲ್ಲುವ ವಯಸ್ಸು ಹತ್ತಿರ ಬಂದಾಗ ಥಾಮ್ ಬಸುರಾದಳು. ಹೆಣ್ಣು ಮಗು, ಸುವಾಂಗ್. ಅದು ಬೆಳೆಯುತ್ತ ಬಂದ ಹಾಗೆ ನೋಡಲು ಬಂದವರೆಲ್ಲ ಅದರ ಮುಖ ತಿರುಗಿಸಿ ತಿರುಗಿಸಿ ಹೋಲಿಕೆ ಹುಡುಕಿದರು. ಕಣ್ಣು ಥಾಮ್‌ಳದಲ್ಲ. ಗಲ್ಲ ತೋನನದಲ್ಲ. ಕೂದಲಂತೂ ಇಬ್ಬರ ಮನೆಯಲ್ಲೂ ಯಾರಿಗೂ ಇಲ್ಲದ ಗುಂಗುರು, ತಲೆಯ ತುಂಬ ಕೆದರಿ ನಿಂತದ್ದು. ಸಾವ್ ನಗಲು ಬಾಯಿ ತೆರೆದ. ಅವ್ವ ಅವನತ್ತ ಒಮ್ಮೆ ನೋಡಿದ್ದೇ ಮುಚ್ಚಿಕೊಂಡ.

ಮೊನ್ನೆ ಹಬ್ಬಕ್ಕೆ ನಾನು ತವರಿಗೆ ಹೋದಾಗ ಥಾಮ್ ಜಗಲಿಯ ಮೇಲೆ ಮಗಳನ್ನು ಮೊಣಕಾಲುಗಳ ನಡುವೆ ಇರುಕಿಸಿಕೊಂಡು ತಲೆ ಬಾಚುತ್ತಿದ್ದಳು. ಹುಡುಗಿ ಒಂದು ಗಳಿಗೆ ನೆಟ್ಟಗೆ ಕೂರುತ್ತಿರಲಿಲ್ಲ. ಬಾಚಣಿಗೆ ಹಲ್ಲು ಪಟ್ಟನೆ ಮುರಿದು ಕೂದಲಲ್ಲೇ ಸಿಕ್ಕಿಕೊಂಡಿತು. ಥಾಮ್ ಅದನ್ನು ಹುಡುಕುತ್ತ ಗೊಣಗಿದಳು. "ಎಲ್ಲಿಂದ ತಂದ್ಯೇ ಇದನ್ನ? ಯಾರ ತಲೇನೇ ಇದು?"

"ನಂದು," ಎಂದಿತು ಹುಡುಗಿ, ತಪ್ಪಿಸಿಕೊಂಡು ಮರಳಿನ ಕಡೆ ಓಡುತ್ತ.